ದಡಕ್ಕೆ ಬಂದ ಹಡಗನ್ನು ನೋಡುವುದು ಹೇಗೆ?

ನವೆಂಬರ್ ಮುಗಿಯುತ್ತಿದ್ದಂತೆ ಮೈಸೂರು, ಮಂಡ್ಯ ಜಿಲ್ಲೆಗಳ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಜೋಗ, ಮುರ್ಡೇಶ್ವರ, ಗೋಕರ್ಣ ಎಂದು ಹೊರಟ ಬಸ್ಸುಗಳಲ್ಲಿ ಕೆಲವು ಕಾರವಾರದವರೆಗೂ ಹೋಗುತ್ತವೆ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ನಿವೃತ್ತ ಯುದ್ಧನೌಕೆ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಇನ್ನೂ ದೂರ ಹೋಗುವ ಮನಸ್ಸಿದ್ದವರು ವಿಶಾಖಪಟ್ಟಣದ ಕಡಲತೀರದಲ್ಲಿ ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿಯ ಹೊಟ್ಟೆಯೊಳಗೆ ನಡೆದು ಬರುತ್ತಾರೆ.

ನಮ್ಮ ಜಿಲ್ಲೆಗಳಿಗೆ ಸಮುದ್ರ ದೂರ. ಹಡಗಿನ ಯಾವ ಭಾಗ ಯಾತಕ್ಕೆ ಎಂಬುದು ಊರಿನ ಮಾತಿನಲ್ಲಿ ಬರುವ ವಿಷಯವಲ್ಲ. ಹಾಗಾಗಿ ಬಹಳ ಮಂದಿ ಈ ತುದಿಯಲ್ಲಿ ಹೊಕ್ಕು ಆ ತುದಿಯಲ್ಲಿ ಹತ್ತೇ ನಿಮಿಷಕ್ಕೆ ಹೊರಬರುತ್ತಾರೆ. ಫೋಟೊ ಸಿಗುತ್ತದೆ, ಹಡಗು ಅರ್ಥವಾಗುವುದಿಲ್ಲ. ಅಷ್ಟು ದೂರ ಹೋಗಿ ಹಾಗೆ ಮರಳುವುದು ನಿಜಕ್ಕೂ ನಷ್ಟ. ಹಡಗಿನಲ್ಲಿ ಸುಮ್ಮನೆ ಇಟ್ಟ ಭಾಗ ಅಂತ ಒಂದೂ ಇರುವುದಿಲ್ಲ. ಬಾಗಿಲು ಯಾಕೆ ಗಿಡ್ಡ, ಹೊಸ್ತಿಲು ಯಾಕೆ ಎತ್ತರ, ಗೋಡೆಗೆ ಯಾಕೆ ಉಕ್ಕಿನ ಬಳೆಗಳು, ಮೂತಿಯ ಹತ್ತಿರ ಯಾಕೆ ಅಂಕೆಗಳು ಎಂದು ಕೇಳುತ್ತ ಹೋದರೆ ಎಲ್ಲದರ ಉತ್ತರವೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ಹಡಗು ಕೆಲಸ ನಿಲ್ಲಿಸಿದ ಮೇಲೆ ಅದನ್ನು ತಿಂದುಹಾಕುವುದೂ ಅದೇ ನೀರು, ಅದರೊಳಗಿನ ಉಪ್ಪು. ಈ ಎರಡು ವಿಷಯ ಗೊತ್ತಿದ್ದರೆ ಯಾವ ದೇಶದ ಯಾವ ಹಡಗನ್ನಾದರೂ ಓದಬಹುದು.

ಮೊದಲು ನೋಡಬೇಕಾದದ್ದು: ಹಡಗು ಯಾವುದರ ಮೇಲೆ ನಿಂತಿದೆ?

ವಸ್ತುಸಂಗ್ರಹಾಲಯವಾದ ಹಡಗುಗಳನ್ನು ಇಡುವ ಬಗೆ ಮೂರು. ಒಂದು, ನೀರಿನಲ್ಲೇ ಕಟ್ಟಿಹಾಕುವುದು. ಎರಡು, ದಡಕ್ಕೆಳೆದು ಕಾಂಕ್ರೀಟ್ ಕಟ್ಟೆಯ ಮೇಲೋ, ನೀರು ಬಸಿದು ತೆಗೆದ ಡ್ರೈ ಡಾಕ್ ಎಂಬ ದೊಡ್ಡ ತೊಟ್ಟಿಯೊಳಗೋ ನಿಲ್ಲಿಸುವುದು. ಮೂರು, ಅದರ ಸುತ್ತ ಕಟ್ಟಡವನ್ನೇ ಕಟ್ಟಿ ಒಳಗಿನ ಹವೆಯನ್ನು ಹಿಡಿತದಲ್ಲಿಡುವುದು.

ಚಪಲ್, ಕುರ್ಸುರಾ ಎರಡೂ ಎರಡನೆಯ ಬಗೆ. ಕೇರಳದ ಆಲಪ್ಪುಳ ಕಡಲತೀರದಲ್ಲಿ ನಿಂತಿರುವ ಟಿ-81 ಎಂಬ ನೌಕಾಪಡೆಯ ಸಣ್ಣ ದಾಳಿ ದೋಣಿಯೂ ಹೀಗೆಯೇ. ದಡದ ಹಡಗಿನಿಂದ ನೋಡುಗರಿಗೆ ದೊಡ್ಡ ಲಾಭವಿದೆ: ನೀರಿನಲ್ಲಿದ್ದಾಗ ಕಾಣದ ಅರ್ಧ ಮೈ ಕಣ್ಣೆದುರಿಗೇ ಇರುತ್ತದೆ. ಪ್ರೊಪೆಲ್ಲರ್, ಚುಕ್ಕಾಣಿ, ತಳದ ಆಕಾರ ಎಲ್ಲವೂ ಸಿಗುತ್ತವೆ. ಆದ್ದರಿಂದ ಟಿಕೆಟ್ ತೆಗೆದುಕೊಂಡ ತಕ್ಷಣ ಏಣಿ ಹತ್ತಬೇಡಿ. ಹೊರಗೆ ಹೋಗಲು ಬಿಡುವಷ್ಟು ಜಾಗದಲ್ಲಿ ಒಂದು ಸುತ್ತು ಹಾಕಿ, ತಳ ನೋಡಿ, ಆಮೇಲೆ ಒಳಗೆ ಹೋಗಿ.

ನಷ್ಟವೂ ಇದೆ, ಅದು ಹಡಗಿಗೆ. ನೀರಿನಲ್ಲಿರುವ ಹಡಗನ್ನು ನೀರು ಎಲ್ಲ ಕಡೆಯಿಂದಲೂ ಸಮನಾಗಿ ಹೊತ್ತಿರುತ್ತದೆ. ದಡದಲ್ಲಿ ಪೂರ್ತಿ ಭಾರ ಕೆಲವೇ ಆಧಾರಗಳ ಮೇಲೆ ಕೂರುತ್ತದೆ. ಅಲ್ಲಿ ತಗಡು ಒತ್ತಿಕೊಂಡು ಒಳಕ್ಕೆ ಬಾಗುತ್ತದೆ, ಆಧಾರವಿಲ್ಲದ ಕಡೆ ಮೈ ಜೋಲುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿರುವ ಎಚ್‌ಎಂಎಸ್ ವಿಕ್ಟರಿ ಎಂಬ ಮರದ ಯುದ್ಧನೌಕೆ 1922ರಿಂದ ಡ್ರೈ ಡಾಕ್‌ನಲ್ಲಿದೆ. ಅದು ತನ್ನ ಭಾರಕ್ಕೆ ತಾನೇ ಕುಸಿಯುತ್ತಿರುವುದು ಅಳತೆಯಲ್ಲಿ ಗೊತ್ತಾದ ಮೇಲೆ, ಹಳೆಯ ಆಧಾರಗಳನ್ನು ತೆಗೆದು 134 ಹೊಸ ಕಂಬಗಳನ್ನು ಕೊಡಲಾಯಿತು. ಯಾವ ಕಂಬದ ಮೇಲೆ ಎಷ್ಟು ಭಾರ ಬಿದ್ದಿದೆ ಎಂದು ಅಳೆಯುವ ಉಪಕರಣ ಅವುಗಳಲ್ಲೇ ಇದೆ. ನೀವು ನೋಡುವ ಹಡಗಿನಲ್ಲೂ ಆಧಾರ ಮುಟ್ಟಿರುವ ಜಾಗದ ಬಣ್ಣ, ತಗಡನ್ನು ಗಮನಿಸಿ. ಬಿರುಕು, ತಗ್ಗು ಮೊದಲು ಕಾಣಿಸುವುದು ಅಲ್ಲೇ.

ಕಬ್ಬಿಣ ತೇಲುವ ಲೆಕ್ಕ

ಕಬ್ಬಿಣದ ಮೊಳೆ ಮುಳುಗುತ್ತದೆ, ನೂರಾರು ಟನ್ ಕಬ್ಬಿಣದ ಹಡಗು ತೇಲುತ್ತದೆ. ಮಕ್ಕಳು ಮೊದಲು ಕೇಳುವ ಪ್ರಶ್ನೆ ಇದೇ. ಉತ್ತರ ಸರಳ: ಒಂದು ವಸ್ತು ನೀರಿಗಿಳಿದಾಗ ಎಷ್ಟು ನೀರನ್ನು ಪಕ್ಕಕ್ಕೆ ತಳ್ಳುತ್ತದೋ ಅಷ್ಟು ನೀರಿನ ತೂಕದ ಬಲ ಅದನ್ನು ಮೇಲಕ್ಕೆತ್ತುತ್ತದೆ. ಮೊಳೆ ತಳ್ಳುವ ನೀರು ಮೊಳೆಗಿಂತ ತೀರ ಹಗುರ. ಹಡಗಿನ ಒಡಲು ಟೊಳ್ಳು. ಒಳಗೆ ಗಾಳಿ ತುಂಬಿದ ದೊಡ್ಡ ಜಾಗವಿರುವುದರಿಂದ ಅದು ತನ್ನ ತೂಕದಷ್ಟೇ ನೀರನ್ನು ತಳ್ಳುವವರೆಗೆ ಇಳಿದು ಅಲ್ಲಿಗೆ ನಿಲ್ಲುತ್ತದೆ.

ಚಪಲ್‌ನಂತಹ ದೋಣಿ ಪೂರ್ತಿ ಇಂಧನ, ಆಯುಧ, ಜನ ತುಂಬಿಕೊಂಡಾಗ ಸುಮಾರು 245 ಟನ್ ತೂಗುತ್ತದೆ. ಅಂದರೆ 245 ಟನ್ ನೀರು ತಳ್ಳಲೇಬೇಕು. ಒಂದು ಘನ ಮೀಟರ್ ಸಿಹಿನೀರಿನ ತೂಕ 1,000 ಕಿಲೋ, ಸಮುದ್ರದ ನೀರಿನದು ಸುಮಾರು 1,025 ಕಿಲೋ. ಹೀಗಾಗಿ ಕಡಲಿನಲ್ಲಿ ಅದಕ್ಕೆ 239 ಘನ ಮೀಟರ್ ಜಾಗ ಸಾಕು. ಅದೇ ದೋಣಿಯನ್ನು ಕಾವೇರಿ ನೀರಿಗೆ ಇಳಿಸಿದರೆ 245 ಬೇಕು. ಸಿಹಿನೀರಿನಲ್ಲಿ ಹಡಗು ತುಸು ಹೆಚ್ಚು ಮುಳುಗುವುದು ಇದಕ್ಕೇ. ನದಿಮುಖದ ಬಂದರಿಗೆ ಬರುವ ಹಡಗಿನ ಕ್ಯಾಪ್ಟನ್ ಈ ಲೆಕ್ಕ ಹಾಕದಿದ್ದರೆ ತಳ ಮರಳಿಗೆ ತಾಗುತ್ತದೆ.

ಎಷ್ಟು ಮುಳುಗಿದೆ ಎಂದು ತಿಳಿಯಲು ಮೂತಿಯ ಹತ್ತಿರ, ಹಿಂಭಾಗದಲ್ಲಿ ಒಂದರ ಮೇಲೊಂದು ಅಂಕೆ ಬರೆದಿರುತ್ತಾರೆ. ಮೀಟರ್ ಅಳತೆಯ ಹಡಗುಗಳಲ್ಲಿ ಪ್ರತಿ ಅಂಕೆಯ ಎತ್ತರ 10 ಸೆಂಟಿಮೀಟರ್, ಒಂದರ ತಳದಿಂದ ಮುಂದಿನದರ ತಳಕ್ಕೆ 20 ಸೆಂಟಿಮೀಟರ್. ಓದುವುದು ಅಂಕೆಯ ಕೆಳತುದಿಯನ್ನು. ನೀರು ಅಂಕೆಯ ಬುಡ ಮುಟ್ಟಿದರೆ ಅಷ್ಟೇ ಆಳ. ಅಂಕೆ ಪೂರ್ತಿ ಮುಳುಗಿದ್ದರೆ 10 ಸೆಂಟಿಮೀಟರ್ ಕೂಡಿಸಬೇಕು. ಮೂತಿಯ ಅಂಕೆಗೂ ಹಿಂಭಾಗದ ಅಂಕೆಗೂ ಅಂತರವಿದ್ದರೆ ಹಡಗು ಯಾವ ಕಡೆಗೆ ವಾಲಿದೆ, ಒಳಗೆ ಭಾರ ಎಲ್ಲಿ ಹೆಚ್ಚಾಗಿದೆ ಎಂದು ಗೊತ್ತಾಗುತ್ತದೆ. ದಡದ ಹಡಗಿನಲ್ಲಿ ಈ ಅಂಕೆಗಳು ನಿಮ್ಮ ತಲೆಮಟ್ಟದಲ್ಲೇ ಸಿಗಬಹುದು. ಮಕ್ಕಳನ್ನು ಅದರ ಮುಂದೆ ನಿಲ್ಲಿಸಿ, 'ಇಲ್ಲಿವರೆಗೂ ನೀರಿತ್ತು' ಎಂದು ತೋರಿಸಿದರೆ ಒಂದು ಪಾಠವೇ ಮುಗಿಯಿತು.

ಹೊಸ್ತಿಲು ಯಾಕೆ ಅಷ್ಟು ಎತ್ತರ?

ಒಳಗೆ ಕಾಲಿಟ್ಟ ಕೂಡಲೇ ಎಡವುವುದು ಹೊಸ್ತಿಲಿಗೆ. ಕೆಲವು ಕಡೆ ಅದು ಮೊಣಕಾಲಿನ ಹತ್ತಿರ ಬರುತ್ತದೆ. ಹಡಗಿನ ಒಡಲನ್ನು ಅಡ್ಡಗೋಡೆಗಳಿಂದ ಹಲವು ಕೋಣೆಗಳಾಗಿ ಭಾಗಿಸಿರುತ್ತಾರೆ. ಒಂದು ಕಡೆ ತೂತಾದರೆ ಆ ಕೋಣೆ ಮಾತ್ರ ತುಂಬಲಿ, ಉಳಿದವುಗಳ ಗಾಳಿ ಹಡಗನ್ನು ತೇಲಿಸಲಿ ಎಂಬುದು ಉದ್ದೇಶ. ಗೋಡೆ ಎಷ್ಟು ಗಟ್ಟಿಯಿದ್ದರೂ ಓಡಾಡಲು ಬಾಗಿಲು ಕೊರೆಯಲೇಬೇಕು, ಕೊರೆದಲ್ಲಿ ಗೋಡೆಯ ಬಲ ಕುಗ್ಗುತ್ತದೆ. ಹೀಗಾಗಿ ಬಾಗಿಲನ್ನು ಆದಷ್ಟು ಚಿಕ್ಕದು ಮಾಡುತ್ತಾರೆ, ಮೂಲೆಗಳನ್ನು ದುಂಡಗೆ ಇಡುತ್ತಾರೆ. ಚೂಪು ಮೂಲೆಯಲ್ಲಿ ಒತ್ತಡ ಒಂದೇ ಕಡೆ ಸೇರಿ ಉಕ್ಕು ಅಲ್ಲಿಂದಲೇ ಸೀಳಲು ಶುರುವಾಗುತ್ತದೆ.

ಇಂತಹ ಒಂದು ಬಾಗಿಲಿನ ಮುಂದೆ ಎರಡು ನಿಮಿಷ ನಿಲ್ಲಿ. ಅದರ ಸುತ್ತಲೂ ಹಲವು ಹಿಡಿಕೆಗಳಿವೆ. ಒಂದೊಂದನ್ನೂ ತಿರುಗಿಸಿದಾಗ ಅದು ಬಾಗಿಲನ್ನು ಚೌಕಟ್ಟಿಗೆ ಒತ್ತುತ್ತದೆ; ಎಲ್ಲ ಹಿಡಿಕೆ ಬಿದ್ದಾಗ ಒತ್ತಡ ಸುತ್ತಲೂ ಸಮನಾಗಿರುತ್ತದೆ. ಬಾಗಿಲಿನ ಅಂಚಿನ ಹಳ್ಳದಲ್ಲಿ ರಬ್ಬರ್ ಪಟ್ಟಿ ಕೂತಿದೆ. ಚೌಕಟ್ಟಿನಿಂದ ಎದ್ದ ಉಕ್ಕಿನ ಅಲಗು ಆ ರಬ್ಬರಿಗೆ ನಾಟಿಕೊಳ್ಳುತ್ತದೆ. ನೀರು ಬಾರದಂತೆ ತಡೆಯುವುದು ಅಲಗು, ರಬ್ಬರು ಸೇರುವ ಆ ಒಂದು ಗೆರೆ ಮಾತ್ರ. ಅದನ್ನು ಪರೀಕ್ಷಿಸಲು ಹಡಗಿನವರು ಅಲಗಿಗೆ ಸೀಮೆಸುಣ್ಣ ಸವರಿ ಬಾಗಿಲು ಮುಚ್ಚಿ ತೆರೆಯುತ್ತಾರೆ. ರಬ್ಬರಿನ ಮೇಲೆ ಸುಣ್ಣದ ಗೆರೆ ಎಲ್ಲೂ ಕಡಿಯದೆ ಮೂಡಿದ್ದರೆ ಬಾಗಿಲು ಸರಿ. ನಡುವೆ ಗೆರೆ ತಪ್ಪಿದ್ದರೆ ಅಲ್ಲಿಂದಲೇ ನೀರು ಬರುತ್ತದೆ. ಬಣ್ಣ ಬಳಿಯುವವರು ಅಜಾಗರೂಕತೆಯಿಂದ ರಬ್ಬರಿಗೂ ಬಣ್ಣ ಹಚ್ಚಿಬಿಟ್ಟರೆ ಅದು ಗಟ್ಟಿಯಾಗಿ ಸೀಳುತ್ತದೆ, ಬಾಗಿಲು ಮುಚ್ಚಿದ್ದರೂ ಮುಚ್ಚಿದಂತೆ ಆಗುವುದಿಲ್ಲ. ವಸ್ತುಸಂಗ್ರಹಾಲಯದ ಹಡಗಿನಲ್ಲಿ ರಬ್ಬರ್ ಪಟ್ಟಿಗೂ ಬೂದು ಬಣ್ಣ ಮೆತ್ತಿದ್ದರೆ, ಆ ಬಾಗಿಲನ್ನು ನೀರು ತಡೆಯಲೆಂದು ಯಾರೂ ಮುಚ್ಚುತ್ತಿಲ್ಲ ಎಂದು ತಿಳಿಯಿರಿ.

ಅಡ್ಡಗೋಡೆ ಇದ್ದರಷ್ಟೇ ಸಾಲದು, ಅದು ಸಾಕಷ್ಟು ಮೇಲಕ್ಕೂ ಹೋಗಿರಬೇಕು. 1912ರಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ 16 ಕೋಣೆಗಳಿದ್ದವು. ಮುಂದಿನ ನಾಲ್ಕು ತುಂಬಿದರೂ ತೇಲುವಂತೆ ಕಟ್ಟಿದ್ದರು. ಹಿಮಗಡ್ಡೆ ಅದಕ್ಕಿಂತ ಹೆಚ್ಚು ಕೋಣೆಗಳನ್ನು ಸೀಳಿತು. ಮೂತಿ ಇಳಿದಂತೆಲ್ಲ ನೀರು ಒಂದು ಗೋಡೆಯ ತಲೆಯ ಮೇಲಿಂದ ಮುಂದಿನ ಕೋಣೆಗೆ ಹರಿಯಿತು.

ಎತ್ತರದ ಹೊಸ್ತಿಲಿಗೆ ಇನ್ನೊಂದು ಕೆಲಸವೂ ಇದೆ. ಅಗಲವಾದ ಡೆಕ್ಕಿನ, ಅಂದರೆ ಹಡಗಿನ ನೆಲದ, ಮೇಲೆ ಕೆಲವೇ ಸೆಂಟಿಮೀಟರ್ ನೀರು ನಿಂತರೂ, ಹಡಗು ವಾಲಿದಾಗ ಆ ನೀರೆಲ್ಲ ಒಂದೇ ಪಕ್ಕಕ್ಕೆ ಓಡಿ ವಾಲಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಹೊಸ್ತಿಲು ಆ ಓಟವನ್ನು ತಡೆಯುತ್ತದೆ.

ಚಪಲ್: ವೇಗಕ್ಕೆಂದೇ ಕಟ್ಟಿದ ದೋಣಿ

ಚಪಲ್ ಸೋವಿಯತ್ ಒಕ್ಕೂಟದಲ್ಲಿ ರೂಪಿಸಿದ 'ಓಸಾ' ಎಂಬ ವರ್ಗದ ಕ್ಷಿಪಣಿ ದೋಣಿ. ಉದ್ದ ಸುಮಾರು 38.6 ಮೀಟರ್. ನಮ್ಮ ನೌಕಾಪಡೆಗೆ ಸೇರಿದ್ದು 1976ರಲ್ಲಿ, ನಿವೃತ್ತಿ 2005ರಲ್ಲಿ, ಕಾರವಾರದಲ್ಲಿ ಜನರಿಗೆ ತೆರೆದದ್ದು 2006ರಲ್ಲಿ. ಈಗ ಪಕ್ಕದಲ್ಲಿ ಟುಪೊಲೆವ್-142 ಎಂಬ ಭಾರಿ ಗಸ್ತು ವಿಮಾನವೂ ಇದೆ.

ಇಲ್ಲಿ ಒಂದು ತಪ್ಪು ಮಾತು ಬಹಳ ಓಡಾಡುತ್ತದೆ: ಇದೇ ದೋಣಿ 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತು ಎಂದು. 1971ರ ಡಿಸೆಂಬರ್ 4ರ ರಾತ್ರಿ ಆ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ನಿಪತ್, ನಿರ್ಘಟ್ ಮತ್ತು ವೀರ್. ಡಿಸೆಂಬರ್ 8ರಂದು ಹೋದದ್ದು ವಿನಾಶ್. ಅವೂ ಓಸಾ ದೋಣಿಗಳೇ, ಆದರೆ ಮೊದಲ ತಲೆಮಾರಿನವು. ಚಪಲ್ ಐದು ವರ್ಷ ತಡವಾಗಿ ಬಂದ, ಸುಧಾರಿಸಿದ ಎರಡನೇ ತಲೆಮಾರಿನದು. ಆ ಯುದ್ಧದ ದೋಣಿ ಹೇಗಿತ್ತು ಎಂದು ತಿಳಿಯಲು ಇದು ಚೆನ್ನಾಗಿ ಸಾಕು; ಮಕ್ಕಳಿಗೆ ಹೇಳುವಾಗ ಮಾತ್ರ ಇಸವಿ ಸರಿಯಾಗಿ ಹೇಳಬೇಕು.

ಡೆಕ್ಕಿನ ಎರಡೂ ಬದಿಗಳಲ್ಲಿ ಎರಡೆರಡರಂತೆ ನಾಲ್ಕು ದೊಡ್ಡ ಉಡಾವಣಾ ಕೊಳವೆಗಳಿವೆ. ಒಳಗಿರುತ್ತಿದ್ದ ಕ್ಷಿಪಣಿ ಸುಮಾರು 5.8 ಮೀಟರ್ ಉದ್ದ, 2 ಟನ್ನಿಗೂ ಹೆಚ್ಚು ಭಾರ. ಕೊಳವೆಗಳು ಮೇಲ್ಮುಖವಾಗಿ ತುಸು ಓರೆಯಾಗಿರುವುದನ್ನು ನೋಡಿ. ಹಾರಿದ ಕ್ಷಿಪಣಿ ದೋಣಿಯ ಮೂತಿಗೆ ತಾಗದೆ ಮೇಲೆದ್ದು ಹೋಗಲಿ ಎಂದು ಹಾಗೆ. ಮುಂದೆ, ಹಿಂದೆ ಇರುವ ಜೋಡಿ ನಳಿಕೆಯ 30 ಮಿಲಿಮೀಟರ್ ಫಿರಂಗಿಗಳು ವಿಮಾನಗಳಿಂದ ತಪ್ಪಿಸಿಕೊಳ್ಳಲು.

ಎಂಜಿನ್ ರೂಮಿನ ಲೆಕ್ಕ ಬೆರಗು ಹುಟ್ಟಿಸುವಂಥದ್ದು. ಈ ತಲೆಮಾರಿನ ಓಸಾದಲ್ಲಿ ಮೂರು ಡೀಸೆಲ್ ಎಂಜಿನ್, ಒಂದೊಂದರಲ್ಲೂ 56 ಸಿಲಿಂಡರ್, ಮೂರೂ ಸೇರಿ ಸುಮಾರು 15,000 ಅಶ್ವಶಕ್ತಿ. ವೇಗ 35 ನಾಟ್‌ಗೂ ಹೆಚ್ಚು. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿಲೋಮೀಟರ್, 35 ನಾಟ್ ಎಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್. ರಸ್ತೆಯ ಮೇಲೆ ಇದು ದೊಡ್ಡ ವೇಗವಲ್ಲ. ನೀರಿನಲ್ಲಿ ವೇಗ ಎರಡು ಪಟ್ಟಾಗಬೇಕಾದರೆ ಎಂಜಿನ್ನಿನ ಬಲ ಹೆಚ್ಚುಕಡಿಮೆ ಎಂಟು ಪಟ್ಟಾಗಬೇಕು. ಇಷ್ಟು ಚಿಕ್ಕ ಒಡಲಿಗೆ ಇಷ್ಟು ದೊಡ್ಡ ಎಂಜಿನ್ ತುರುಕಿದ್ದು ಅದಕ್ಕೇ. ಜನರಿಗೆ ಉಳಿದ ಜಾಗ ಎಷ್ಟೆಂದು ಒಳಗೆ ಹೋದಾಗ ನಿಮ್ಮ ಭುಜಗಳಿಗೇ ತಿಳಿಯುತ್ತದೆ.

ತೂಕ ಉಳಿಸಲು ಮಾಡಿದ ಇನ್ನೊಂದು ಕೆಲಸವೂ ಇದೆ. ಒಡಲು ಉಕ್ಕಿನದು, ಡೆಕ್ಕಿನ ಮೇಲಿನ ಮನೆಯಂಥ ಭಾಗದಲ್ಲಿ ಹೆಚ್ಚಿನದು ಅಲ್ಯೂಮಿನಿಯಂ–ಮೆಗ್ನೀಷಿಯಂ ಮಿಶ್ರಲೋಹ. ಉಕ್ಕು, ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಸಣ್ಣ ವಿದ್ಯುತ್ ಪ್ರವಾಹ ಹರಿದು ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಡೆಕ್ಕಿಗೂ ಗೋಡೆಗೂ ಕೂಡುವ ಕೆಳಗಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಅದು ಈ ಕರಗುವಿಕೆಯ ಗುರುತು. ಅಲ್ಯೂಮಿನಿಯಂ ತುಕ್ಕು ಕೆಂಪಗಿರುವುದಿಲ್ಲ.

ಕುರ್ಸುರಾ: ಕನ್ನಂಬಾಡಿ ಕಟ್ಟೆಯ ಲೆಕ್ಕದಲ್ಲಿ

1969ರ ಡಿಸೆಂಬರ್ 18ರಂದು ಸೇವೆಗೆ ಸೇರಿ 2001ರ ಫೆಬ್ರುವರಿ 27ರಂದು ನಿವೃತ್ತಿಯಾದ ಕುರ್ಸುರಾ 2002ರಿಂದ ವಿಶಾಖಪಟ್ಟಣದ ರಾಮಕೃಷ್ಣ ಬೀಚ್‌ನಲ್ಲಿದೆ. ಉದ್ದ 91.3 ಮೀಟರ್. ಇದನ್ನು ಅರ್ಥಮಾಡಿಕೊಳ್ಳಲು ಬೇಕಾದ ಅಳತೆಗೋಲು ನಮ್ಮ ಹತ್ತಿರವೇ ಇದೆ.

ಕನ್ನಂಬಾಡಿ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಗುವಿಗೂ ಗೊತ್ತು. ಮೀಟರಿನಲ್ಲಿ ಅದು 38. ಕಟ್ಟೆ ತುಂಬಿದ ದಿನ ಅದರ ಬುಡದಲ್ಲಿ ಒಂದು ಚದರ ಮೀಟರ್ ಜಾಗದ ಮೇಲೆ ನೀರಿನ ಒತ್ತಡ 38 ಟನ್. ಒಬ್ಬ ಮನುಷ್ಯ ತೂರುವಷ್ಟು, ಅಂದರೆ 60 ಸೆಂಟಿಮೀಟರ್ ಅಗಲದ ದುಂಡು ಮುಚ್ಚಳವನ್ನು ಅಲ್ಲಿಟ್ಟರೆ ಅದರ ಮೇಲೆ ಸುಮಾರು 11 ಟನ್ ಬೀಳುತ್ತದೆ. ಕುರ್ಸುರಾದಂತಹ ಜಲಾಂತರ್ಗಾಮಿ ಇಳಿಯುತ್ತಿದ್ದ ಆಳ 250 ಮೀಟರಿನ ಆಸುಪಾಸು, ಅಂದರೆ ಆರು ಕನ್ನಂಬಾಡಿಗಿಂತ ಹೆಚ್ಚು. ಅಲ್ಲಿ ಅದೇ ಮುಚ್ಚಳದ ಮೇಲೆ 70 ಟನ್ನಿಗೂ ಹೆಚ್ಚು ಭಾರ.

ಕಟ್ಟೆ ಬುಡದಲ್ಲಿ ಅಗಲ, ಮೇಲಕ್ಕೆ ಹೋದಂತೆ ಕಿರಿದು. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುವುದರಿಂದ, ನೀರು ಒಂದೇ ಬದಿಯಿಂದ ಒತ್ತುವುದರಿಂದ ಹಾಗೆ ಕಟ್ಟುತ್ತಾರೆ. ಜಲಾಂತರ್ಗಾಮಿಯನ್ನು ನೀರು ಮೇಲೆ, ಕೆಳಗೆ, ಪಕ್ಕದಲ್ಲಿ, ಎಲ್ಲ ಕಡೆಯಿಂದಲೂ ಹೆಚ್ಚುಕಡಿಮೆ ಸಮನಾಗಿ ಹಿಂಡುತ್ತದೆ. ಈ ಹಿಂಡುವಿಕೆಗೆ ಅತ್ಯಂತ ಚೆನ್ನಾಗಿ ಎದುರು ನಿಲ್ಲುವ ಆಕಾರ ದುಂಡನೆಯದು. ಒಳಗೆ ನಿಂತು ಗೋಡೆ ನೋಡಿದರೆ ಉಕ್ಕಿನ ಬಳೆಗಳು ಒತ್ತೊತ್ತಾಗಿ ಸುತ್ತುವರಿದಿರುವುದು ಕಾಣುತ್ತದೆ. ದುಂಡು ಸ್ವಲ್ಪವೇ ಮೊಟ್ಟೆಯಾದರೂ ಒತ್ತಡ ಅದನ್ನು ಇನ್ನಷ್ಟು ಚಪ್ಪಟೆ ಮಾಡುತ್ತದೆ. ಹಾಗಾಗದಂತೆ ಹಿಡಿದಿಡುವುದು ಆ ಬಳೆಗಳ ಕೆಲಸ. ಮೇಲಿನ ಮುಚ್ಚಳಗಳು ಹೊರಕ್ಕೆ ತೆರೆದುಕೊಳ್ಳುವುದೂ ಲೆಕ್ಕಾಚಾರವೇ: ಆಳ ಹೆಚ್ಚಾದಂತೆ ನೀರೇ ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ.

ಮುಳುಗುವುದು, ಮೇಲೇಳುವುದು ಹೇಗೆ? ಕುರ್ಸುರಾಕ್ಕೆ ಎರಡು ಒಡಲುಗಳಿವೆ. ಒಳಗಿನದು ಜನ ಇರುವ ಗಟ್ಟಿ ಒಡಲು, ಹೊರಗಿನದು ಆಕಾರ ಕೊಡುವ ಹೊದಿಕೆ. ನಡುವೆ ತೊಟ್ಟಿಗಳು. ತೊಟ್ಟಿಯ ನೆತ್ತಿಯ ಕವಾಟ ತೆರೆದರೆ ಗಾಳಿ ಹೊರಗೆ ಹೋಗಿ ಕೆಳಗಿನಿಂದ ನೀರು ತುಂಬುತ್ತದೆ. ನೀರಿನ ಮೇಲಿದ್ದಾಗ ಇದರ ಲೆಕ್ಕ ಸುಮಾರು 1,950 ಟನ್, ಮುಳುಗಿದಾಗ ಸುಮಾರು 2,475 ಟನ್. ನಡುವಿನ 500 ಚಿಲ್ಲರೆ ಟನ್ ಈ ತೊಟ್ಟಿಗಳಿಗೆ ಬಂದ ನೀರು. ಮೇಲೇಳಲು ಸಿಲಿಂಡರುಗಳಲ್ಲಿ ಒತ್ತಿಟ್ಟ ಗಾಳಿಯನ್ನು ತೊಟ್ಟಿಗೆ ಬಿಟ್ಟು ನೀರನ್ನು ಹೊರತಳ್ಳುತ್ತಾರೆ. ಒಳಗೆ ಕೈಗಾಲಿಗಳು, ಕೊಳವೆಗಳು ಅಷ್ಟೊಂದು ಕಾಣುವುದರಲ್ಲಿ ಬಹುಪಾಲು ಈ ಗಾಳಿ–ನೀರಿನ ವ್ಯವಹಾರಕ್ಕೆ ಸೇರಿದವು.

ನೀರಿನಡಿಯಲ್ಲಿ ಡೀಸೆಲ್ ಎಂಜಿನ್ ಓಡಿಸಲು ಗಾಳಿ ಸಿಗುವುದಿಲ್ಲ. ಅಲ್ಲಿ ಬ್ಯಾಟರಿಯ ಮೇಲೆ ಮೋಟರ್ ತಿರುಗುತ್ತದೆ. ಬ್ಯಾಟರಿ ಮುಗಿದಾಗ ಮೇಲೆ ಬಂದು, ಇಲ್ಲವೇ ಉಸಿರುಕೊಳವೆಯನ್ನು ನೀರಿನಿಂದ ಹೊರಚಾಚಿ ಡೀಸೆಲ್ ಓಡಿಸಿ ಮತ್ತೆ ಚಾರ್ಜ್ ಮಾಡಬೇಕು. ಚಾರ್ಜ್ ಆಗುವಾಗ ಸೀಸ–ಆಮ್ಲದ ಬ್ಯಾಟರಿಗಳಿಂದ ಹೈಡ್ರೋಜನ್ ಅನಿಲ ಬರುತ್ತದೆ. ಅದು ಗಾಳಿಯಲ್ಲಿ ಶೇ 4 ದಾಟಿದರೆ ಒಂದು ಕಿಡಿ ಸಾಕು. ಹಾಗಾಗಿ ಬ್ಯಾಟರಿ ಕೋಣೆಗೆ ಗಾಳಿಯಾಡಿಸುವ ಫ್ಯಾನುಗಳು ಜಲಾಂತರ್ಗಾಮಿಯ ಜೀವಾಳ.

ಟಾರ್ಪಿಡೊ ಎಂದರೆ ನೀರಿನಡಿಯಲ್ಲೇ ಓಡಿ ಶತ್ರು ಹಡಗಿಗೆ ಬಡಿಯುವ ಸ್ಫೋಟಕ. ಅದನ್ನು ಹಾರಿಸಲು ಮುಂದೆ ಆರು, ಹಿಂದೆ ನಾಲ್ಕು ಕೊಳವೆಗಳಿವೆ. 22 ಟಾರ್ಪಿಡೊಗಳನ್ನು ಹೊರುತ್ತಿತ್ತು. ಜೊತೆಗೆ ಸುಮಾರು 75 ಜನ. ಅಡುಗೆಮನೆಯನ್ನು ದಾಟುವಾಗ ಒಂದು ಕ್ಷಣ ನಿಲ್ಲಿ. ತಿಂಗಳುಗಟ್ಟಲೆ ಕೆಡದ, ಕಡಿಮೆ ಜಾಗ ಹಿಡಿಯುವ, ಬಿಸಿ ಮಾಡಿದರೆ ಸಾಕಾಗುವ ಊಟ ಸೇನೆಯ ಮೂರೂ ಪಡೆಗಳಿಗೆ ಬೇಕು. ಅದನ್ನು ರೂಪಿಸುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1961ರಿಂದ ಇರುವುದು ನಮ್ಮ ಮೈಸೂರಿನಲ್ಲೇ.

ಉಪ್ಪು, ಗಾಳಿ, ತುಕ್ಕು

ಸೇವೆಯಲ್ಲಿರುವ ಹಡಗಿನಲ್ಲಿ ಪ್ರತಿದಿನ ಯಾರಾದರೊಬ್ಬರು ತುಕ್ಕು ಕೆರೆಯುತ್ತಿರುತ್ತಾರೆ, ಬಣ್ಣ ಬಳಿಯುತ್ತಿರುತ್ತಾರೆ. ಆಗಾಗ ಡ್ರೈ ಡಾಕ್‌ಗೆ ಒಯ್ದು ತಳವನ್ನೂ ಸರಿಪಡಿಸುತ್ತಾರೆ. ವಸ್ತುಸಂಗ್ರಹಾಲಯವಾದ ದಿನದಿಂದ ಆ ಕೈಗಳು ಇಲ್ಲವಾಗುತ್ತವೆ. ಕಡಲಗಾಳಿ ಮಾತ್ರ ಹಾಗೇ ಬೀಸುತ್ತಿರುತ್ತದೆ.

ತುಕ್ಕು ಹಿಡಿಯಲು ಕಬ್ಬಿಣ, ಆಮ್ಲಜನಕ, ನೀರು ಸೇರಬೇಕು. ಉಪ್ಪು ನೀರನ್ನು ಒಳ್ಳೆಯ ವಿದ್ಯುತ್ ವಾಹಕವಾಗಿಸಿ ಈ ಕ್ರಿಯೆಯ ವೇಗ ಹೆಚ್ಚಿಸುತ್ತದೆ. ಉಪ್ಪು ಗಾಳಿಯ ತೇವವನ್ನೂ ಎಳೆದುಕೊಳ್ಳುವುದರಿಂದ ಮಳೆ ಇಲ್ಲದ ದಿನವೂ ಉಕ್ಕಿನ ಮೈ ಒದ್ದೆಯಾಗಿಯೇ ಇರುತ್ತದೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದ ಹಬೆ ಎಂಜಿನ್ನುಗಳನ್ನು ಬಯಲಿನಲ್ಲಿ ಕಾಪಾಡುವುದಕ್ಕೂ ಕಾರವಾರದಲ್ಲಿ ಹಡಗು ಕಾಪಾಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು. ಬಣ್ಣದ ಕೆಳಗೆ ಒಂದು ಚುಕ್ಕೆ ತುಕ್ಕು ಹುಟ್ಟಿದರೆ ಅದು ಉಬ್ಬಿ ಬಣ್ಣವನ್ನು ಎತ್ತುತ್ತದೆ, ಸಂದಿಯಲ್ಲಿ ಮತ್ತೆ ನೀರು ಸೇರುತ್ತದೆ. ಆದ್ದರಿಂದ ತುಕ್ಕಿನ ಮೇಲೇ ಹೊಸ ಬಣ್ಣ ಹೊಡೆಯುವುದು ವ್ಯರ್ಥ. ಸರಿಯಾದ ಕ್ರಮ ಹೀಗೆ: ಮೊದಲು ಸಿಹಿನೀರಿನಿಂದ ಉಪ್ಪು ತೊಳೆಯಬೇಕು, ಸಣ್ಣ ಕಣಗಳನ್ನು ಗಾಳಿಯ ಒತ್ತಡದಲ್ಲಿ ಹೊಡೆದು ಉಕ್ಕಿನ ಹೊಳಪು ಕಾಣುವವರೆಗೆ ಕೆರೆಯಬೇಕು, ಮತ್ತೆ ತುಕ್ಕು ಮೂಡುವ ಮುನ್ನ ಗಂಟೆಗಳ ಒಳಗೇ ಸತುವಿನಂಶದ ಅಥವಾ ಎಪಾಕ್ಸಿ ಪ್ರೈಮರ್ ಹಚ್ಚಬೇಕು, ಅದರ ಮೇಲೆ ಪದರ ಪದರವಾಗಿ ಬಣ್ಣ. ತೊಳೆಯದೆ ಉಳಿದ ಉಪ್ಪಿನ ಮೇಲೆ ಬಳಿದ ಬಣ್ಣ ಕೆಲವೇ ತಿಂಗಳಲ್ಲಿ ಗುಳ್ಳೆ ಏಳುತ್ತದೆ, ಏಕೆಂದರೆ ಉಪ್ಪು ಬಣ್ಣದ ಪದರದ ಮೂಲಕವೇ ತೇವವನ್ನು ಒಳಕ್ಕೆ ಸೆಳೆಯುತ್ತದೆ. ಹೊಸದಾಗಿ ಬಣ್ಣ ಬಳಿದು ಮಿಂಚುತ್ತಿರುವ ಹಡಗಿನ ಮೇಲೆ ಗುಳ್ಳೆಗಳು ಕಂಡರೆ ಯಾವ ಹಂತ ತಪ್ಪಿದೆ ಎಂದು ಈಗ ನೀವೇ ಹೇಳಬಲ್ಲಿರಿ.

ತಳದಲ್ಲಿ, ಪ್ರೊಪೆಲ್ಲರಿನ ಹತ್ತಿರ ಬೂದು ಗಟ್ಟಿಗಳನ್ನು ಕೂರಿಸಿರುವುದು ಕೆಲವು ಹಡಗುಗಳಲ್ಲಿ ಕಾಣುತ್ತದೆ. ಅವು ಸತುವಿನವು. ಸಮುದ್ರದಲ್ಲಿ ಉಕ್ಕಿಗೆ ಬದಲಾಗಿ ಸತುವೇ ಮೊದಲು ಕರಗಿ ಉಕ್ಕನ್ನು ಉಳಿಸುತ್ತದೆ. ಸವೆದ ಮೇಲೆ ಹೊಸದು ಹಾಕುತ್ತಾರೆ. ಆದರೆ ಈ ಉಪಾಯ ನಡೆಯಬೇಕಾದರೆ ಉಕ್ಕು, ಸತು ಎರಡೂ ಒಂದೇ ನೀರಿನಲ್ಲಿ ಮುಳುಗಿರಬೇಕು. ದಡಕ್ಕೆ ಬಂದ ಮೇಲೆ ಸತುವಿನ ಗಟ್ಟಿಗೆ ಕೆಲಸವಿಲ್ಲ. ದಡದ ಹಡಗಿಗೆ ಬಣ್ಣವೊಂದೇ ಕಾವಲು. ನೀರು ನಿಲ್ಲುವ ಮೂಲೆ, ಕೊಳವೆಯ ಹಿಂಬದಿ, ಏಣಿಯ ಬುಡ, ಮರದ ಹಲಗೆ ಹೊದಿಸಿದ ಡೆಕ್ಕಿನ ಅಡಿ, ಇವು ಮೊದಲು ತೂತಾಗುವ ಜಾಗಗಳು. ಮೇಲಿನಿಂದ ಮಳೆನೀರು ಒಳಗೆ ಸೋರಿದರೆ ತುಕ್ಕು ಕಾಣದ ಕಡೆಯಿಂದ ಬೆಳೆಯುತ್ತದೆ. ಗೊತ್ತಾಗುವಷ್ಟರಲ್ಲಿ ತಗಡು ಕಾಗದದಷ್ಟು ಉಳಿದಿರುತ್ತದೆ.

ಮರದ ಹಡಗಾದರೆ

ಮರಕ್ಕೆ ತುಕ್ಕಿಲ್ಲ, ಬೇರೆ ಶತ್ರುಗಳಿವೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿರುವ ವಾಸಾ ಎಂಬ ಮರದ ಯುದ್ಧನೌಕೆ 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿತು, 1961ರಲ್ಲಿ ಮೇಲೆತ್ತಿದರು. ಬಾಲ್ಟಿಕ್ ಸಮುದ್ರದಲ್ಲಿ ಉಪ್ಪು ಕಡಿಮೆ ಇರುವುದರಿಂದ ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಹಾಗಾಗಿ ಹಡಗು ಉಳಿದಿತ್ತು. ಆದರೆ ಮೂರು ಶತಮಾನ ನೀರು ಕುಡಿದ ಮರವನ್ನು ಹಾಗೇ ಒಣಗಿಸಿದರೆ ಕುಗ್ಗಿ ಸೀಳುತ್ತದೆ. ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ದ್ರಾವಣವನ್ನು 17 ವರ್ಷ ಸಿಂಪಡಿಸಿದರು. ನೀರು ಹೊರಹೋದ ಜಾಗವನ್ನು ಅದು ತುಂಬಿತು. ಆಮೇಲೆ ಹೊಸ ತೊಂದರೆ ಕಾಣಿಸಿತು: ಕೊಳಕು ನೀರಿನಿಂದ ಮರ ಹೀರಿದ್ದ ಗಂಧಕ, ಮೊಳೆಗಳ ಕಬ್ಬಿಣದ ನೆರವಿನಿಂದ ಗಂಧಕಾಮ್ಲವಾಗತೊಡಗಿತು. ತುಕ್ಕು ಹಿಡಿದ 5,000ಕ್ಕೂ ಹೆಚ್ಚು ಬೋಲ್ಟುಗಳನ್ನು ತೆಗೆದು ಸ್ಟೇನ್‌ಲೆಸ್ ಉಕ್ಕಿನವನ್ನು ಹಾಕಿದರು.

ನಮ್ಮ ಪಶ್ಚಿಮ ಕರಾವಳಿಯ ತೇಗಕ್ಕೂ ಒಂದು ಜೀವಂತ ಸಾಕ್ಷಿ ಇದೆ. ಎಚ್‌ಎಂಎಸ್ ಟ್ರಿಂಕೋಮಲಿ ಎಂಬ ಯುದ್ಧನೌಕೆಯನ್ನು ಮುಂಬಯಿಯ ವಾಡಿಯಾ ಮನೆತನದ ಶಿಲ್ಪಿಗಳು ಮಲಬಾರಿನ ತೇಗದಿಂದ ಕಟ್ಟಿ 1817ರ ಅಕ್ಟೋಬರ್ 12ರಂದು ನೀರಿಗಿಳಿಸಿದರು. ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ಅದು ಇಂದಿಗೂ ತೇಲುತ್ತಿದೆ. ಯುರೋಪಿನವರು ಬಳಸುತ್ತಿದ್ದ ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಮೊಳೆಯನ್ನೂ ಮರವನ್ನೂ ಕಾಪಾಡುತ್ತದೆ.

'ಮೈಸೂರು' ಎಂಬ ಹಡಗು ಎಲ್ಲಿ ಹೋಯಿತು?

ನಮ್ಮೂರಿನ ಹೆಸರಿನ ಹಡಗೂ ಒಂದಿತ್ತು. ಬ್ರಿಟನ್ನಿನಿಂದ ಕೊಂಡ ಎಚ್‌ಎಂಎಸ್ ನೈಜೀರಿಯಾ ಎಂಬ ಕ್ರೂಸರ್ 1957ರ ಆಗಸ್ಟ್ 29ರಂದು ಐಎನ್‌ಎಸ್ ಮೈಸೂರು ಆಗಿ ನಮ್ಮ ನೌಕಾಪಡೆ ಸೇರಿತು. 1971ರ ಯುದ್ಧದಲ್ಲಿ ಅದು ಪಶ್ಚಿಮ ನೌಕಾದಳದ ಮುಂದಾಳು ಹಡಗು. 1985ರಲ್ಲಿ ನಿವೃತ್ತಿಯಾಯಿತು, ಒಡೆದುಹಾಕಲಾಯಿತು. ಅದೇ ಹೆಸರು 1999ರಲ್ಲಿ ಹೊಸ ಯುದ್ಧನೌಕೆಗೆ ಬಂತು. ಅದರ ಲಾಂಛನದಲ್ಲಿ ಗಂಡಭೇರುಂಡವಿದೆ. ಹಳೆಯ ಮೈಸೂರಿನ ಕಾಲದ ಕ್ರೂಸರ್ ಹೇಗಿರುತ್ತಿತ್ತು ಎಂದು ನೋಡಬೇಕಾದರೆ ಇವತ್ತು ಲಂಡನ್ನಿನ ಥೇಮ್ಸ್ ನದಿಯಲ್ಲಿರುವ ಎಚ್‌ಎಂಎಸ್ ಬೆಲ್‌ಫಾಸ್ಟ್‌ಗೆ ಹೋಗಬೇಕು. ಅದು 1971ರಿಂದ ವಸ್ತುಸಂಗ್ರಹಾಲಯ.

ದೊಡ್ಡ ಹಡಗುಗಳನ್ನು ಯಾಕೆ ಉಳಿಸಲಾಗುವುದಿಲ್ಲ ಎಂಬುದಕ್ಕೆ ನಮ್ಮ ಮೊದಲ ವಿಮಾನವಾಹಕ ನೌಕೆ ವಿಕ್ರಾಂತ್ ನೋವಿನ ಉದಾಹರಣೆ. 1961ರಲ್ಲಿ ಸೇರಿ 1997ರಲ್ಲಿ ನಿವೃತ್ತಿಯಾದ ಅದು 2001ರಿಂದ ಮುಂಬಯಿಯಲ್ಲಿ ತೇಲುವ ವಸ್ತುಸಂಗ್ರಹಾಲಯವಾಗಿತ್ತು. ಒಡಲು ದುರ್ಬಲವಾದ್ದರಿಂದ 2012ರಲ್ಲಿ ಜನರ ಪ್ರವೇಶ ನಿಲ್ಲಿಸಿದರು, 2014ರಲ್ಲಿ ಗುಜರಿಗೆ ಹೋಯಿತು. ನೀರಿನಲ್ಲಿ ಬಿಟ್ಟರೆ ತಳ ಸವೆಯುತ್ತದೆ, ಡ್ರೈ ಡಾಕ್‌ಗೆ ಒಯ್ಯಲು ಭಾರಿ ಖರ್ಚು, ದಡಕ್ಕೆ ಎಳೆಯಲು ಗಾತ್ರ ಬಿಡುವುದಿಲ್ಲ. ಟಿಕೆಟ್ ಹಣದಲ್ಲಿ ಇದು ತೂಗುವುದಿಲ್ಲ. ಚಪಲ್‌ನಂತಹ ಚಿಕ್ಕ ದೋಣಿಗಳು ಉಳಿಯುವುದಕ್ಕೆ ಅವುಗಳ ಚಿಕ್ಕತನವೇ ದೊಡ್ಡ ಕಾರಣ.

ಒಳಗೆ ಹೋಗುವಾಗ

ಬೆಳಿಗ್ಗೆ ಅಥವಾ ಸಂಜೆ ಹೋಗಿ. ನಡುಮಧ್ಯಾಹ್ನ ಉಕ್ಕಿನ ಒಡಲು ಕಾದು ಒಳಗೆ ನಿಲ್ಲಲಾಗುವುದಿಲ್ಲ. ವಾರದ ರಜೆ, ಸಮಯ ಆಗಾಗ ಬದಲಾಗುವುದರಿಂದ ಬಸ್ ಬುಕ್ ಮಾಡುವ ಮುನ್ನ ವಿಚಾರಿಸಿಕೊಳ್ಳಿ. ಕರಾವಳಿಯ ಜೂನ್–ಸೆಪ್ಟೆಂಬರ್ ಮಳೆಯಲ್ಲಿ ಡೆಕ್ಕು ಜಾರುತ್ತದೆ.

ಹಿಡಿಯುವ ಷೂ ಇರಲಿ. ಚಪ್ಪಲಿ ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಳ್ಳುತ್ತದೆ. ಸೀರೆ ಉಟ್ಟವರು, ಮಂಡಿನೋವಿನವರು, ಇಕ್ಕಟ್ಟಿನಲ್ಲಿ ಉಸಿರುಗಟ್ಟಿದಂತಾಗುವವರು ಹೊರಗಿನ ಸುತ್ತು ಹಾಕಿ ನೋಡಿದರೂ ಕಡಿಮೆಯೇನಲ್ಲ. ಹಡಗಿನ ಏಣಿ ಹೆಚ್ಚುಕಡಿಮೆ ನೇರವಾಗಿರುತ್ತದೆ. ಇಳಿಯುವಾಗಲೂ ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ ಇಳಿಯಬೇಕು. ಬೆನ್ನ ಚೀಲ ಹೊರಗೇ ಬಿಡಿ. ಬಾಗಿಲು ದಾಟುವಾಗ ಮೊದಲು ಕಾಲು, ಆಮೇಲೆ ತಲೆ ಬಗ್ಗಿಸಿ ಮೈ. ಹೊಸ್ತಿಲಿನ ಮೇಲೆ ಮಾತ್ರ ನಿಲ್ಲಬೇಡಿ, ಹಿಂದಿನವರು ತಳ್ಳಿದರೆ ತಲೆ ಚೌಕಟ್ಟಿಗೆ ಬಡಿಯುತ್ತದೆ.

ಶಾಲೆಯವರು ಮಕ್ಕಳನ್ನು ಹತ್ತು ಹನ್ನೆರಡರ ಗುಂಪು ಮಾಡಿ, ಗುಂಪಿನ ಮುಂದೊಬ್ಬರು ಹಿಂದೊಬ್ಬರು ಶಿಕ್ಷಕರು ನಡೆಯಲಿ. ಇಡೀ ತರಗತಿಯನ್ನು ಒಟ್ಟಿಗೆ ಬಿಟ್ಟರೆ ಹಿಂದಿನ ಮಕ್ಕಳಿಗೆ ಮುಂದಿನವರ ಬೆನ್ನು ಬಿಟ್ಟು ಇನ್ನೇನೂ ಕಾಣುವುದಿಲ್ಲ. ಹಿತ್ತಾಳೆ, ಉಕ್ಕಿನ ಬರಿಮೈಯನ್ನು ಮುಟ್ಟದಿರುವುದು ಒಳ್ಳೆಯದು, ಬೆವರಿನಲ್ಲೂ ಉಪ್ಪಿದೆ. ಕುರ್ಸುರಾದಲ್ಲಿ ನೌಕಾಪಡೆಯ ನಿವೃತ್ತ ಸಿಬ್ಬಂದಿಯೇ ಮಾರ್ಗದರ್ಶಕರು. ಅವರನ್ನು 'ಇದೇನು?' ಎಂದು ಕೇಳುವ ಬದಲು 'ಇದು ಕೆಟ್ಟರೆ ಏನು ಮಾಡುತ್ತಿದ್ದಿರಿ ಸರ್?' ಎಂದು ಕೇಳಿ ನೋಡಿ. ಫಲಕದಲ್ಲಿ ಬರೆದಿರದ ವಿಷಯಗಳು ಹೊರಬರುವುದು ಆ ಪ್ರಶ್ನೆಗೆ.